ನಾಲ್ಕು ಬೆರಳು ಜಾಗ

ಹೊಲಿಗೆ ಮೆಷಿನ್ನಿನ ಕೆಳಗೆ, ಕತ್ತರಿಸಿ ಬಿದ್ದ ಬಟ್ಟೆ ಚೂರುಗಳ ನಡುವೆ, ಹೆಂಡತಿಯ ಮೀನು ನಡೆದುಕೊಂಡು ಹೋಗುತ್ತಿತ್ತು. ದರ್ಜಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಹೌದು, ನಡೆಯುತ್ತಲೇ ಇತ್ತು. ಎದೆಯ ಹತ್ತಿರದ ಎರಡು ರೆಕ್ಕೆಗಳನ್ನು ಕೈಯಂತೆ ಊರಿ, ಗೇಣುದ್ದದ ಮೈ ಎಳೆದುಕೊಂಡು ಬಾಗಿಲ ಕಡೆಗೆ ಹೊರಟಿತ್ತು.

"ಅಯ್ಯೋ, ನೀನೂ ಹೊರಟ್ಯಾ!" ಎಂದು ಅದನ್ನು ಒದ್ದೆ ಬಟ್ಟೆಯಲ್ಲಿ ಬಾಚಿ ಗಾಜಿನ ತೊಟ್ಟಿಗೆ ಹಾಕಿದ. "ಹತ್ತು ದಿನ ಅಕ್ಕನ ಮನೇಲಿರ್ತೀನಿ. ನನ್ನ ಪಾಡಿಗೆ ನನ್ನ ಬಿಡಿ. ಈ ಮೀನಿಗೇನಾದ್ರೂ ಆಯ್ತೋ, ನಾನು ವಾಪಸ್ ಬರೋದೇ ಇಲ್ಲ," ಎಂದು ಹೇಳಿ ಹೋಗಿದ್ದಳು ಹೆಂಡತಿ. ಅವಳು ಹೇಳಿದರೆ ಹೇಳಿದ್ದೇ. ಇದಿನ್ನೂ ನಾಲ್ಕನೆಯ ದಿನ. ಅವನೋ ದಿನಕ್ಕೆ ಆರು ಸಲ ಫೋನ್ ಮಾಡಿ ತಿಂದ್ಯಾ, ಮಲಗಿದ್ಯಾ, ಯಾವಾಗ ಬರ್ತೀಯಾ ಎಂದು ವಿಚಾರಿಸುತ್ತಿದ್ದ. ಇಷ್ಟು ಅಕ್ಕರೆಯಿಂದ ಕೇಳಿದರೂ ಅವಳ ಉತ್ತರ ಯಾಕೆ ದಿನೇ ದಿನೇ ಗಿಡ್ಡವಾಗುತ್ತಿದೆಯೋ, ಅವನಿಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಈ ಮೀನೂ ಹಾಗೆಯೇ. ಗಂಟೆಗಟ್ಟಲೆ ತಳದಲ್ಲಿ ಸತ್ತ ಹಾಗೆ ಬಿದ್ದಿರುತ್ತಿತ್ತು. ಇದ್ದಕ್ಕಿದ್ದಂತೆ ಸರ್ರನೆ ಮೇಲೇರಿ, ಬಾಯಿ ತೆರೆದು ಏನನ್ನೋ ಗುಳುಂ ಮಾಡಿ ಮತ್ತೆ ಕೆಳಗಿಳಿಯುತ್ತಿತ್ತು. ಪಾಪ, ನೀರು ಸಾಲುತ್ತಿಲ್ಲವೇನೋ ಎಂದುಕೊಂಡು ತೊಟ್ಟಿಯ ಅಂಚಿನವರೆಗೆ ತುಂಬಿಸಿದ. ಮತ್ತೆ ತಪ್ಪಿಸಿಕೊಳ್ಳಬಾರದಲ್ಲ? ಟೇಪು ಹಿಡಿದು ಅಳತೆ ತೆಗೆದು, ದಪ್ಪ ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಸುತ್ತ ಎಲಾಸ್ಟಿಕ್ ಹೊಲಿದು ತೊಟ್ಟಿಯ ಬಾಯಿಗೆ ತೊಡಿಸಿದ. ಗುಂಡುಸೂಜಿ ತೂರದಷ್ಟು ಬಿಗಿಯಾಗಿ ಕೂತಿತು. ಮೂವತ್ತು ವರ್ಷ ಪಳಗಿದ ಕೈ, ಹುಡುಗಾಟವೇ?

ಸ್ವಲ್ಪ ಹೊತ್ತಿಗೆ ಮೀನು ಪ್ಲಾಸ್ಟಿಕ್ಕಿಗೆ ಮೂತಿ ಗುದ್ದತೊಡಗಿತು. ದರ್ಜಿ ಗಾಬರಿಯಿಂದ ಬೀದಿಯ ತಿರುವಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟವನಿಗೆ ಫೋನ್ ಮಾಡಿದ.

"ಯಾವ ಮೀನು, ಟೈಲರ್ ಸಾರ್?"

"ಅದೇ ಗೊತ್ತಾಗ್ತಿಲ್ಲಪ್ಪ. ಹಾವೋ, ಮೀನೋ, ಓತಿಕ್ಯಾತನೋ. ನಮ್ಮನೆಯವಳಿಗೆ ಅವಳ ಗೆಳತಿ ಕೊಟ್ಟಿದ್ದು."

"ಬೆನ್ನ ಮೇಲೆ ಗರಗಸದ ಹಲ್ಲಿನ ಹಾಗೆ ಪುಟ್ಟ ಪುಟ್ಟ ರೆಕ್ಕೆ ಇದೆಯಾ? ಎಣಿಸಿ ನೋಡಿ."

"ಒಂದ್ಸಲ ಒಂಬತ್ತು, ಒಂದ್ಸಲ ಹತ್ತು. ಸುಮ್ನೆ ನಿಂತ್ರೆ ತಾನೆ ಎಣಿಸೋದು!"

"ಸಾಕು ಬಿಡಿ, ಅದು ಬಿಚಿರ್ ಅಂತ, ಆಫ್ರಿಕಾದ ಮೀನು. ಗಾಬರಿ ಬೇಡ. ಆಗಾಗ ಮೇಲೆ ಬಂದು ಗಾಳಿ ಕುಡೀತಿದೆ ತಾನೆ?"

"ಗಾಳಿ ಎಲ್ಲಿಂದ ಬರ್ಬೇಕು? ಅಂಚಿನ ತನಕ ನೀರು ತುಂಬ್ಸಿ, ಭದ್ರವಾಗಿ ಮುಚ್ಚಿದೀನಿ."

"ಸಾರ್, ಮೊದ್ಲು ಅದನ್ನ ತೆಗೀರಿ! ಅದಕ್ಕೆ ನಮ್ಮ ಹಾಗೇ ಶ್ವಾಸಕೋಶ ಇದೆ. ಮೇಲೆ ಬಂದು ಉಸಿರಾಡೋಕೆ ಬಿಡ್ಲಿಲ್ಲ ಅಂದ್ರೆ ನೀರಲ್ಲೇ ಮುಳುಗಿ ಸಾಯತ್ತೆ."

"ಮೀನು ಮುಳುಗಿ ಸಾಯತ್ತಾ?"

"ಸಾಯತ್ತೆ. ಮೇಲೆ ನಾಲ್ಕು ಬೆರಳು ಜಾಗ ಖಾಲಿ ಬಿಡಿ, ಮುಚ್ಚಳಕ್ಕೆ ತೂತು ಮಾಡಿ. ನನ್ನ ಪ್ಯಾಂಟಿನ ಸೊಂಟಕ್ಕೆ ಎರಡು ಬೆರಳು ಸಡಿಲ ಬಿಡ್ತೀರಲ್ಲ, ಹಾಗೇನೇ."

ಕತ್ತರಿ ತೆಗೆದುಕೊಂಡು ಎಲಾಸ್ಟಿಕ್ ಕತ್ತರಿಸಿದ. ಮಗ್ಗಿನಿಂದ ನೀರು ಮೊಗೆಮೊಗೆದು ನೆಲಕ್ಕೆ ಚೆಲ್ಲಿದ. ಓರೆಯಾಗಿ ತೇಲುತ್ತಿದ್ದ ಮೀನು ಮೂತಿ ಎತ್ತಿ ಗಾಳಿ ನುಂಗಿತು. ತಲೆಯ ಹಿಂದಿನಿಂದ ಗುಳ್ಳೆಗಳು ಹೊರಬಂದವು. ದರ್ಜಿ ಒದ್ದೆ ನೆಲದ ಮೇಲೇ ಕುಸಿದು ಕೂತ. ಅಳು ಬಂತು. ಯಾವುದಕ್ಕೂ ಕೊರತೆ ಮಾಡಿರಲಿಲ್ಲವಲ್ಲ, ಮತ್ತೆ ತಪ್ಪಿದ್ದೆಲ್ಲಿ? ಎಷ್ಟು ಯೋಚಿಸಿದರೂ ಲೆಕ್ಕ ಹತ್ತಲಿಲ್ಲ. ಕೊನೆಗೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ತೊಟ್ಟಿಯ ಗಾಜಿನ ಮೇಲೆ, ಅಂಚಿನಿಂದ ನಾಲ್ಕು ಬೆರಳು ಕೆಳಗೆ, ಒಂದು ಗೆರೆ ಎಳೆದ. ತೂತು ಮಾಡಿದ ಮುಚ್ಚಳಕ್ಕೆ ಹೊಸ ಎಲಾಸ್ಟಿಕ್ ಹೊಲಿದು ಹಾಕಿ, ಅದನ್ನೇ ನೋಡುತ್ತ ಕೂತ.

ಸಂಜೆ ಫೋನ್ ಬಂತು. ನಾಲ್ಕು ದಿನದಲ್ಲಿ ಹೆಂಡತಿಯೇ ಮಾಡಿದ ಮೊದಲ ಫೋನ್.

"ಏನ್ರೀ, ಇವತ್ತು ಒಂದು ಫೋನೂ ಇಲ್ಲ? ಹುಷಾರಾಗಿದೀರಾ?"

ಯಾವಾಗ ಬರ್ತೀಯಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅವನು ಗಾಜಿನ ಮೇಲಿನ ಬಿಳಿ ಗೆರೆ ನೋಡಿದ.

"ನಾಲ್ಕು ಬೆರಳು ಜಾಗ ಬಿಟ್ಟಿದೀನಿ ಕಣೇ," ಎಂದ.

"ಏನು ಬಿಟ್ಟಿದೀರಾ?"

ಅವನು ಗೆರೆಯ ಮೇಲೆ ನಾಲ್ಕು ಬೆರಳು ಜೋಡಿಸಿಟ್ಟು ಮತ್ತೊಮ್ಮೆ ಅಳತೆ ನೋಡಿದ. ಅವಳು ಫೋನ್ ಇಡಲಿಲ್ಲ. ತೊಟ್ಟಿಯಲ್ಲಿ ಮೀನು ಮೆಲ್ಲನೆ ಮೇಲೆ ಬಂದು, ಒಂದು ಗುಟುಕು ಗಾಳಿ ಕುಡಿದು, ತನ್ನ ಪಾಡಿಗೆ ತಾನು ಕೆಳಗಿಳಿಯಿತು.