ಹದಿನಾಲ್ಕನೇ ಕಲಂ

ಫೋನು ಮತ್ತೆ ಬೀರುವಿನಲ್ಲಿ ಗಂಡನ ಅಂಗಿಗಳ ಹಿಂದೆ ಇತ್ತು. ಗುಂಡಿ ಒತ್ತುವ ಹಳೇ ಕಾಲದ್ದು. ಆಕೆ ತಡಕಾಡಿ ನೋಡಿದಳು. ಒಂದು ಹೆಸರಿಲ್ಲ, ಬಂದ ಕರೆಯಿಲ್ಲ, ಹೋದ ಕರೆಯಿಲ್ಲ. ಚಾರ್ಜು ಮಾತ್ರ ತುಂಬಿ ತುಳುಕುತ್ತಿತ್ತು. ಹನ್ನೊಂದು ವರ್ಷದಿಂದ ಇದೇ ಕಥೆ. ಯಾರೂ ಮಾತಾಡದ ಫೋನನ್ನು ಗಂಡ ಇಷ್ಟು ಜೋಪಾನ ಮಾಡುತ್ತಾನೆಂದರೆ, ಕರೆಗಳನ್ನು ಅಳಿಸಿಹಾಕುವಷ್ಟು ಜಾಣ ಎಂದೇ ಅರ್ಥ.

"ಆಫೀಸಿಂದು" ಎಂದಿದ್ದ ಒಮ್ಮೆ. ನಂಬರ್ ಕೇಳಿದರೆ, "ನಿನಗ್ಯಾಕೆ ಅದು?" ಎಂದು ರೇಗಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಆಕೆ ಮತ್ತೆ ಕೇಳಲಿಲ್ಲ. ಕೇಳದೆ ಉಳಿದದ್ದು ಎದೆಯಲ್ಲಿ ಹುಣ್ಣಾಗಿತ್ತು.

ಹೊರಗೆ ಅವನ ಮರ್ಯಾದೆಗೇನೂ ಕಮ್ಮಿಯಿಲ್ಲ. ಕ್ರೇನು ಜೋಡಿಸುವ ಕಂಪನಿಯಲ್ಲಿ ಸುರಕ್ಷತಾ ಅಧಿಕಾರಿ. ಕೆಲಸದ ಮೇಲೆ ಹೊರದೇಶಕ್ಕೆ ಯಾರೇ ಹೋಗಲಿ, ಅಲ್ಲಿನ ನೀರು, ಸೊಳ್ಳೆ, ರಸ್ತೆ, ಗಲಾಟೆ ಎಲ್ಲವನ್ನೂ ಅಳೆದು ಸುರಿದು ಅವನು ಫಾರಂ ತುಂಬಿ ಸಹಿ ಹಾಕಬೇಕು. ಆಮೇಲೇ ಟಿಕೇಟು. ಹೋಗಿಬಂದವರು ಚಾಕೊಲೇಟು ಹಿಡಿದು ಮನೆಗೆ ಬಂದರೆ, ಅವರು ಕೂರುವ ಮೊದಲೇ ಕೇಳುತ್ತಿದ್ದ: "ಡಾಕ್ಟರಿಗೆ ಫೋನ್ ಮಾಡೋ ಪ್ರಸಂಗ ಬಂತಾ?"

"ಇಲ್ಲ ಸಾರ್, ನಿಮ್ಮ ದಯೆ."

ಆಗ ಅವನ ಮುಖ ನೋಡಬೇಕು! ಕಂಡವರ ಮಕ್ಕಳ ಮೇಲೆ ಏನು ಕಾಳಜಿ ಎಂದು ಆಕೆ ಒಳಗೊಳಗೇ ಉರಿಯುತ್ತಿದ್ದಳು.

ಅವರೆಲ್ಲ ಹೊರದೇಶದಲ್ಲಿದ್ದ ದಿನಗಳಲ್ಲಂತೂ ಆ ಫೋನು ಅವನ ಜೇಬು ಬಿಡುತ್ತಿರಲಿಲ್ಲ. ಆಫೀಸಿನ ಕಣ್ಣುಗಳು ಊರಲ್ಲಿಲ್ಲದಾಗಲೇ ಆಟ ಎಂದು ಆಕೆ ಲೆಕ್ಕ ಹಾಕಿದ್ದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಗೊತ್ತಾಗುವುದಿಲ್ಲವೇ?

ಈಗ ಮಗಳ ಸರದಿ. ಅದೇ ಕಂಪನಿಯಲ್ಲಿ ಎಂಜಿನಿಯರು. ದೂರದ ದೇಶದ ಗಣಿಯೊಂದರಲ್ಲಿ ಎರಡು ತಿಂಗಳ ಕೆಲಸ. ನಲವತ್ತು ಜನರನ್ನು ಹಿಂದೆಮುಂದೆ ನೋಡದೆ ಕಳಿಸಿದವನು ಮಗಳ ಫಾರಂ ಹಿಡಿದು ಮೂರು ವಾರ ಕೂತ.

"ಎಲ್ರನ್ನೂ ಕಳಿಸ್ತೀಯಪ್ಪಾ. ನಾನೇನು ಪಾಪ ಮಾಡಿದೀನಿ?"

"ನಿನಗೆ ಉಬ್ಬಸ ಇದೆ."

"ಈಗೆಲ್ಲಿದೆ? ವರ್ಷಕ್ಕೊಂದು ಸಲ ಬಂದ್ರೆ ಹೆಚ್ಚು."

ತಾಯಿಗೆ ತಡೆಯಲಾಗಲಿಲ್ಲ. ಫಾರಂ ಕಿತ್ತುಕೊಂಡು ಓದಿದಳು. ಹದಿನಾಲ್ಕನೇ ಕಲಮಿನ ಮೇಲೆ ಬೆರಳಿಟ್ಟಳು. "ಹಗಲೂ ರಾತ್ರಿ ಫೋನಿಗೆ ಸಿಗೋ ಡಾಕ್ಟರು, ನಮ್ಮ ಭಾಷೆಯವರು ಅಂತ ನಂಬರ್ ಸಮೇತ ನೀವೇ ಬರೆದಿದೀರಲ್ರೀ. ಇನ್ನೇನು ಭಯ?"

"ಆ ಕಲಂ ಖಾಲಿ ಬಿಟ್ರೆ ಫೈಲು ವಾಪಸ್ ಬರುತ್ತೆ. ಅದಕ್ಕೇ ಬರೆಯೋದು."

"ಬರೆದ ಮೇಲೆ ಸಹಿ ಹಾಕೋಕೇನು ದಾಡಿ?"

ಅವನು ಏನೋ ಹೇಳಲು ಬಾಯಿ ತೆರೆದ. ಹೆಂಡತಿಯನ್ನು ನೋಡಿದ, ಮಗಳನ್ನು ನೋಡಿದ. ಬಾಯಿ ಮುಚ್ಚಿಕೊಂಡು ಸಹಿ ಹಾಕಿದ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಆಕೆ ಗೆದ್ದ ಮಾತು ಅದೊಂದೇ. ಆ ಖುಷಿಗೆ ಮಗಳ ಪೆಟ್ಟಿಗೆಯನ್ನು ತಾನೇ ತುಂಬಿದಳು.

ಮಗಳು ಹೋದ ದಿನದಿಂದ ಅವನಿಗೆ ಊಟ ಸೇರಲಿಲ್ಲ. ರಜೆ ಹಾಕಿ ಮನೆಯಲ್ಲೇ ಕೂತ. ಉಬ್ಬಸದ ಬಗ್ಗೆ ದಪ್ಪ ಪುಸ್ತಕ ತಂದು ಗೆರೆ ಎಳೆದು ಓದಿದ. ಕೆಟ್ಟ ಮೇಲೆ ಬುದ್ಧಿ ಬಂತು ಎಂದುಕೊಂಡಳು ಆಕೆ. ಆದರೆ ಓದುವಾಗಲೂ ಆ ದರಿದ್ರ ಫೋನು ತೊಡೆಯ ಮೇಲೆ! ಮಗಳು ಅಷ್ಟು ದೂರದಲ್ಲಿದ್ದಾಗಲೂ ಇವನಿಗೆ ಆ ಫೋನಿನವಳೇ ಬೇಕು. ಅವತ್ತು ಆಕೆಗೆ ಗಂಡನ ಮೇಲೆ ಉಳಿದಿದ್ದ ಚೂರುಪಾರು ಪ್ರೀತಿಯೂ ಸತ್ತಿತು.

ಭಾನುವಾರ ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗಿದ್ದ. ಹಳೇ ಬ್ಯಾಟರಿ ಕೈಕೊಟ್ಟಿತ್ತು. ಆ ಫೋನು ನಡುಮನೆಯಲ್ಲಿ ಚಾರ್ಜಿಗೆ ಬಿದ್ದಿತ್ತು. ಅಷ್ಟರಲ್ಲಿ ಆಕೆಯ ಮೊಬೈಲಿಗೆ ಮಗಳ ಸಂದೇಶ ಬಂತು.

"ಅಮ್ಮ, ಇಲ್ಲಿ ವಿಪರೀತ ಧೂಳು. ಉಸಿರು ಕಟ್ತಿದೆ, ಇನ್‌ಹೇಲರ್‌ಗೂ ಬಗ್ತಿಲ್ಲ. ನನ್ನ ಮಾತು ಇಲ್ಲಿ ಯಾರಿಗೂ ಅರ್ಥ ಆಗ್ತಿಲ್ಲ. ಗಾಬರಿ ಆಗಬೇಡ. ಫಾರಂ ಇದೆ, ಡಾಕ್ಟರಿಗೆ ಫೋನ್ ಮಾಡ್ತೀನಿ."

ಆಕೆ "ರೀ!" ಎಂದು ಕೂಗುವಷ್ಟರಲ್ಲಿ ಆ ಫೋನು ಹೊಡೆದುಕೊಳ್ಳತೊಡಗಿತು. ಹನ್ನೊಂದು ವರ್ಷದಲ್ಲಿ ಅದರ ಸದ್ದನ್ನು ಆಕೆ ಕೇಳಿದ್ದು ಅದೇ ಮೊದಲು.

ನನ್ನ ಮಗಳು ಅಲ್ಲಿ ಉಸಿರಿಗೆ ಒದ್ದಾಡುತ್ತಿದ್ದರೆ ಇವಳಿಗೆ ಈಗ ಸರಸ!

ಬಚ್ಚಲ ಬಾಗಿಲು ದಡಾರನೆ ತೆರೆಯಿತು. ಮೈಯೆಲ್ಲ ಸೋಪಿನ ನೊರೆ. "ಕೊಡು ಇಲ್ಲಿ! ನೀನು ಎತ್ತಬೇಡ!" ಅವನು ಕಿರುಚಿದ.

ಆಕೆ ಎತ್ತಿದಳು. ಹನ್ನೊಂದು ವರ್ಷದ ವಿಷವೆಲ್ಲ ನಾಲಿಗೆಗೆ ಬಂತು. "ಯಾರೇ ನೀನು?"

"ಡಾಕ್ಟ್ರಿಗೆ ಕೊಡಿ... ಬೇಗ..." ಏದುಸಿರಿನ ನಡುವೆ ಮಗಳ ದನಿ ಬಂದು, ತಡವರಿಸಿ ನಿಂತಿತು. "...ಅಮ್ಮಾ?"