ಹನ್ನೊಂದನೇ ನಂಬರಿನ ಜರ್ಸಿ

ಜರ್ಸಿಯ ಕೊರಳು ಒದ್ದೆಯಾಗಿತ್ತು. ತಲೆ ತೂರಿಸುತ್ತಿದ್ದಂತೆ ಮ್ಯಾರೆನ್‌ಗೆ ತಣ್ಣಗೆ ತಾಗಿತು. ಯಾರದೋ ಶಾಂಪೂವಿನ ವಾಸನೆ ಬೇರೆ. ತಂಡಕ್ಕೆ ಸೆಳೆಯಲೆಂದು ಕಾಲೇಜು ತೋರಿಸಲು ಕರೆಸಿದ ಹೈಸ್ಕೂಲಿನ ಆಟಗಾರ್ತಿಗೆ ತಂಡದ ಜರ್ಸಿ ತೊಡಿಸಿ ಫೋಟೋ ತೆಗೆಯುವುದು ವಾಡಿಕೆ. "ಈ ಹನ್ನೊಂದು ನಿನಗೇ ಅಂತ ಎತ್ತಿಟ್ಟಿದೀನಿ ಕಣೇ, ಇನ್ನೊಬ್ರು ಮುಟ್ಟಿಲ್ಲ," ಎಂದು ಕೋಚ್ ಲಿಂಡ್‌ಕ್ವಿಸ್ಟ್ ಈಗಷ್ಟೇ ಹೇಳಿ, ಅವಳ ಅಮ್ಮನನ್ನು ಮಾತಾಡಿಸಲು ಹೊರಗೆ ಹೋಗಿದ್ದಳು.

ಮ್ಯಾರೆನ್ ಕೊರಳಪಟ್ಟಿಯನ್ನು ಬೆರಳಲ್ಲಿ ಹಿಂಡಿ ನೋಡಿದಳು. ಅವಳನ್ನು ಸುತ್ತಾಡಿಸಲು ನೇಮಕವಾಗಿದ್ದ ತಂಡದ ಹುಡುಗಿ ಟೀಗನ್, ಜಾಕೆಟ್ಟಿನ ಜಿಪ್ಪನ್ನು ಗಲ್ಲದ ತನಕ ಎಳೆದುಕೊಂಡು ಬಾಗಿಲಿಗೆ ಒರಗಿದ್ದಳು.

"ನನಗಿಂತ ಮುಂಚೆ ಇದನ್ನ ಯಾರು ಹಾಕ್ಕೊಂಡಿದ್ರು? ಸುಳ್ಳು ಹೇಳ್ಬೇಡ."

"ಅರ್ಧ ಗಂಟೆ ಮುಂಚೆ ಒಬ್ಳು ಬಂದಿದ್ಲು, ಒದ್ದೆ ಕೂದಲಲ್ಲೇ. ಬೇರೆ ಕಾಲೇಜಲ್ಲಿ ಮೂರು ವರ್ಷ ಆಡಿ ಪಳಗಿದೋಳು, ಅದನ್ನ ಬಿಟ್ಟು ಇಲ್ಲಿಗೆ ಬರ್ತಾಳಂತೆ. ಅವಳಿಗೂ ಇದೇ ಜರ್ಸಿ, ಇದೇ ಫೋಟೋ, ಇದೇ ಮಾತು." ಟೀಗನ್ ಮೂಗು ಮುರಿದಳು. "ಪಳಗಿದೋರೇ ಸಿಗೋವಾಗ ನಿನ್ನಂಥ ಎಳೇ ಹುಡುಗೀರನ್ನ ತಿದ್ದೋಕೆ ಯಾರಿಗಮ್ಮ ಪುರುಸೊತ್ತು?"

"ಹಾಗಾದ್ರೆ ಈ ನಂಬರ್ ಅವಳದ್ದಾ, ನಂದಾ?"

ಹೊರಗೆ ಕೋಚ್‌ಳ ನಗು ಹತ್ತಿರವಾಯಿತು. ಟೀಗನ್ ಜಿಪ್ಪನ್ನು ಕೆಳಗೆಳೆದಳು. ಒಳಗಿನ ಜರ್ಸಿಯ ಮೇಲೂ ಹನ್ನೊಂದು. "ಇಡೀ ಸೀಸನ್ ನಾನೇ ಈ ನಂಬರಲ್ಲಿ ಆಡಿದೀನಿ, ಇನ್ನೂ ಎರಡು ವರ್ಷ ಇಲ್ಲೇ ಓದೋದಿದೆ. ನನಗೆ ಯಾರೂ ಏನೂ ಹೇಳಿಲ್ಲ." ಅವಳು ಜಿಪ್ಪನ್ನು ಮತ್ತೆ ಗಲ್ಲದ ತನಕ ಏರಿಸಿದಳು. "ನಗು, ಫೋಟೋದವರು ಬಂದ್ರು."