ಒತ್ತದ ಹೆಬ್ಬೆಟ್ಟು

ಆಸ್ಪತ್ರೆಯ ಔಷಧಿಯ ಕಪಾಟು ವೈದ್ಯರ ಸಹಿಗೆ ತೆರೆಯುವುದನ್ನು ಬಿಟ್ಟು ವರ್ಷವಾಗಿತ್ತು. ವೈದ್ಯರು ರೋಗಿಯ ಕಥೆಯನ್ನು ಬರೆದು ಓದಿಹೇಳಬೇಕು. ಅದು ನಿಜವೆಂದು ರೋಗಿ ಕಪಾಟಿನ ಗಾಜಿನ ಮೇಲೆ ಹೆಬ್ಬೆಟ್ಟು ಒತ್ತಿದರಷ್ಟೇ ಬಾಗಿಲು ತೆರೆಯುತ್ತಿತ್ತು.

ಬೀದಿ ಗುಡಿಸುವ ಹುಲಿಗೆಮ್ಮನಿಗೋ, ಯಾರು ಏನು ಮುಂದೆ ಹಿಡಿದರೂ ಒತ್ತಿಬಿಡುವುದೇ ರೂಢಿ.

ಡಾಕ್ಟರಮ್ಮ ಓದಿದರು: "ಆರು ತಿಂಗಳಿಂದ ಕೆಮ್ಮು. ಮಾಸ್ಕ್ ಇಲ್ಲದೆ ಧೂಳಿನಲ್ಲಿ ಕೆಲಸ. ಕಾರಣ, ನಿರ್ಲಕ್ಷ್ಯ."

ಗಾಜಿನ ಮೇಲೆ ಇಳಿಯುತ್ತಿದ್ದ ಹೆಬ್ಬೆಟ್ಟು ಅಲ್ಲೇ ನಿಂತಿತು.

"ಯಾರ ನಿರ್ಲಕ್ಷ್ಯರೀ?"

"ನಿಮ್ಮದೇ ಅಲ್ವಾ ಅಮ್ಮ?"

"ನಂದಲ್ರಿ. ಮಾಸ್ಕ ಕೊಡ್ರಿ ಅಂತ ಗುತ್ತಿಗೆದಾರನ್ನ ಮೂರು ವರ್ಷದಿಂದ ಕೇಳಾಕತ್ತೀನಿ."

ಡಾಕ್ಟರಮ್ಮ ನಾಚಿ, ಆ ಸಾಲನ್ನು ತಿದ್ದಿ ಓದಿದರು: "ಕಾರಣ, ಗುತ್ತಿಗೆದಾರನ ನಿರ್ಲಕ್ಷ್ಯ."

"ಇನ್ನೊಮ್ಮೆ ಜೋರಾಗಿ ಓದ್ರಿ," ಎಂದಳು ಹುಲಿಗೆಮ್ಮ. "ಹೊರಗ ನಮ್ಮ ಜೋಡಿ ಗುಡಿಸೋರು ಇನ್ನೂ ಆರು ಮಂದಿ ಕೆಮ್ಮಾಕತ್ತಾರ."